ಈ ವಾರ ಪೂರ್ತಿ ಮಳೆ ಅಂತೆ. ಕಾಫಿಗೆ ಜೆಟ್ ಓಡಿಸಲಾ, ಕಾಯಲಾ?

ಹೆತ್ತೂರು ತೋಟ · ಸೋಮವಾರ, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಆರು ಎಕರೆ ರೊಬಸ್ಟಾ. ಮಾರ್ಚ್ ಎರಡನೇ ವಾರ ಜೆಟ್ (ಮಳೆಯ ಹಾಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಓಡಿಸಿ ಹೂ ಬಿಡಿಸಿದೆವು. ಎಂಟನೇ ದಿನಕ್ಕೆ ತೋಟ ಬೆಳ್ಳಗಾಗಿತ್ತು, ಜೇನು ಕೂಡ ಚೆನ್ನಾಗಿ ಬಂದಿತ್ತು. ಹೂ ಬಿಟ್ಟು ಇವತ್ತಿಗೆ ಹದಿನಾರು ದಿನ. ಈಗ ಬ್ಯಾಕಿಂಗ್ ನೀರು, ಅಂದರೆ ಕಚ್ಚಿದ ಕಾಯಿ ಉಳಿಸುವ ಎರಡನೇ ನೀರು ಕೊಡಬೇಕು.

ಕೆರೆಯಲ್ಲಿ ಒಂದೇ ಸುತ್ತಿಗೆ ಆಗುವಷ್ಟು ನೀರು ಉಳಿದಿದೆ. ಒಂದು ಎಕರೆಗೆ ಒಂದು ಇಂಚು ಕೊಡಬೇಕು ಅಂದರೆ ಒಂದು ಲಕ್ಷ ಲೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಬೇಕು. ಆರು ಎಕರೆಗೆ ಆರು ಲಕ್ಷ. ಡೀಸೆಲ್ ಖರ್ಚು, ಪೈಪ್ ಬದಲಾಯಿಸುವ ಆಳುಗಳ ಕೂಲಿ ಬೇರೆ.

ಹವಾಮಾನ ಇಲಾಖೆಯ ನಿನ್ನೆಯ ಮುನ್ಸೂಚನೆಯಲ್ಲಿ ದಕ್ಷಿಣ ಒಳನಾಡು ಮತ್ತು ಮಲೆನಾಡಿನ ಕೆಲವು ಕಡೆ ಶುಕ್ರವಾರದವರೆಗೂ ಗುಡುಗು ಸಹಿತ ಮಳೆ ಅಂತ ಹಾಕಿದ್ದಾರೆ. ಹಳದಿ ಬಣ್ಣವನ್ನೂ ಕೊಟ್ಟಿದ್ದಾರೆ. ಅಪ್ಪ ಕಾಯೋಣ ಅನ್ನುತ್ತಾರೆ. ಹೋದ ವರ್ಷವೂ ಹೀಗೇ ಕಾದಿದ್ದೆವು. ಮೋಡ ಕಟ್ಟಿತು, ಗುಡುಗಿತು, ಪಕ್ಕದ ಊರಿಗೆ ಸುರಿದು ಹೋಯಿತು. ನಮ್ಮಲ್ಲಿ ಇಪ್ಪತ್ತೈದನೇ ದಿನದವರೆಗೂ ಹನಿ ಬೀಳಲಿಲ್ಲ. ಅರ್ಧಕ್ಕರ್ಧ ಮಿಡಿ ಕರಗಿ ಹೋಯಿತು.

ನಿನ್ನೆ ಸಂಜೆ ಒಂದು ಕೊಂಬೆ ಬಗ್ಗಿಸಿ ನೋಡಿದೆ. ಒಣಗಿದ ಹೂವು ಕಂದು ಬಣ್ಣಕ್ಕೆ ತಿರುಗಿ ಗೊಂಚಲಿಗೇ ಅಂಟಿಕೊಂಡಿದೆ. ಉಗುರಿನಲ್ಲಿ ಬಿಡಿಸಿದರೆ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು. ಎಲೆಗಳು ಮಧ್ಯಾಹ್ನ ಸೋತು ಜೋಲುತ್ತಿವೆ, ಸಂಜೆಗೆ ಚೇತರಿಸಿಕೊಳ್ಳುತ್ತಿವೆ. ಎಷ್ಟು ದಿನ ತಡೆಯಬಹುದು? ಅನುಭವ ಇದ್ದವರು ಹೇಳಿ.

---

ಬಾಳೆಹೊಳೆ ಗೌಡ · 7:15

ಓಡಿಸಿ. ಯೋಚನೆಯೇ ಬೇಡ.

---

ಮೂಡಿಗೆರೆ ಕಾಫಿ · 7:32

ಗೌಡ್ರೇ, ಇಷ್ಟು ಸುಲಭವಾಗಿ ಹೇಳಬೇಡಿ. ಇವತ್ತು ಓಡಿಸಿ ನಾಳೆ ಒಂದೂವರೆ ಇಂಚು ಮಳೆ ಬಂದರೆ ಅಷ್ಟೂ ಡೀಸೆಲ್ ನೆಲಕ್ಕೆ ಸುರಿದ ಹಾಗೆ. ನಾನು ಎರಡು ವರ್ಷದ ಹಿಂದೆ ಅದೇ ಮಾಡಿದೆ. ಸೋಮವಾರ ಬೆಳಗ್ಗೆಯಿಂದ ಬುಧವಾರ ರಾತ್ರಿವರೆಗೆ ಜೆಟ್ ಓಡಿತು. ಗುರುವಾರ ಮೂರು ಗಂಟೆಗೆ 1 ಇಂಚು 40 ಸೆಂಟ್ ಮಳೆ.

---

ಬಾಳೆಹೊಳೆ ಗೌಡ · 7:40

ಆ ವರ್ಷ ನಿಮ್ಮ ಕಾಯಿ ಉದುರಿತಾ? ಇಲ್ಲ ಅಲ್ವಾ? ಹಾಗಾದರೆ ಹೋಗಿದ್ದು ಡೀಸೆಲ್ ಮಾತ್ರ. ಈ ತಮ್ಮನ ಮನೆಯಲ್ಲಿ ಹೋದ ವರ್ಷ ಹೋಗಿದ್ದು ಅರ್ಧ ಬೆಳೆ.

---

ಜಯನಗರ ಜಾಜಿ · 8:05

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಇಂಚು, ಸೆಂಟ್ ಅಂದರೆ ಏನು? ಜಮೀನಿನ ಸೆಂಟಾ? ಸುದ್ದಿಯಲ್ಲಿ ಮಿಲಿಮೀಟರ್ ಅಂತಾರೆ. ಇನ್ನೊಂದು, ಈ ಮಳೆಗೆ ಶಾಲೆಯಲ್ಲಿ ಚೆರ್ರಿ ಬ್ಲಾಸಮ್ ಅಂತ ಓದಿದ ನೆನಪು.

---

ಮೂಡಿಗೆರೆ ಕಾಫಿ · 8:20

ಅಕ್ಕಾ, ಕಾಫಿ ತೋಟದ ಕಡೆ ಮಳೆ ಅಳೆಯುವುದು ಇಂಚಿನಲ್ಲಿ. ಒಂದು ಇಂಚಿಗೆ ನೂರು ಸೆಂಟ್. ಒಂದು ಇಂಚು ಅಂದರೆ 25.4 ಮಿ.ಮೀ. ಅಜ್ಜನ ಕಾಲದ ಡೈರಿಗಳಲ್ಲೂ ಇದೇ ಲೆಕ್ಕ ಇದೆ, ಹಾಗಾಗಿ ಬಿಡಲು ಮನಸ್ಸು ಬರುವುದಿಲ್ಲ. ಚೆರ್ರಿ ಬ್ಲಾಸಮ್ ಅನ್ನುವುದು ಪುಸ್ತಕದ ಹೆಸರು. ತೋಟದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಮೊದಲನೆಯದು ಹೂಮಳೆ, ಆಮೇಲಿನದು ಬ್ಯಾಕಿಂಗ್ ಮಳೆ. ಮೊದಲನೆಯದು ಹೂ ಬಿಡಿಸುತ್ತದೆ, ಎರಡನೆಯದು ಕಚ್ಚಿದ ಕಾಯಿಯನ್ನು ಉಳಿಸುತ್ತದೆ. ಒಂದು ಬಂದು ಇನ್ನೊಂದು ಬಾರದಿದ್ದರೆ ಹೂ ನೋಡಿದ ಸಂತೋಷ ಅಷ್ಟೇ.

---

ಮಳೆಮಾಪಕ · 9:10

ಇಪ್ಪತ್ತೆರಡು ವರ್ಷ ಮಳೆಮಾಪಕದ ಪಕ್ಕದಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು. ಒಂದೆರಡು ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಮುನ್ಸೂಚನೆಯಲ್ಲಿ ಬರುವ "ಒಂದೆರಡು ಕಡೆ", "ಕೆಲವು ಕಡೆ", "ಹಲವು ಕಡೆ", "ಬಹುತೇಕ ಕಡೆ" ಅನ್ನುವುದು ಸುಮ್ನೆ ಬಾಯಿಗೆ ಬಂದ ಮಾತಲ್ಲ. ಪ್ರತಿಯೊಂದಕ್ಕೂ ಲೆಕ್ಕ ಇದೆ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕನೇ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆ ಅಂದರೆ ಒಂದೆರಡು ಕಡೆ. 26ರಿಂದ 50 ಶೇಕಡ ಅಂದರೆ ಕೆಲವು ಕಡೆ. 51ರಿಂದ 75 ಹಲವು ಕಡೆ. ಅದಕ್ಕೂ ಮೇಲೆ ಬಹುತೇಕ ಕಡೆ. ಹಾಗಾಗಿ "ಕೆಲವು ಕಡೆ" ಅಂತ ಹೇಳಿದ ದಿನ ಅರ್ಧಕ್ಕಿಂತ ಜಾಸ್ತಿ ಊರುಗಳು ಒಣಗಿದ್ದರೂ ಮುನ್ಸೂಚನೆ ಸರಿಯೇ. ನಮ್ಮೂರಿಗೆ ಬರಲಿಲ್ಲ, ಸುಳ್ಳು ಹೇಳಿದರು ಅಂತ ಬೈಯುವುದು ತಪ್ಪು.

ಇನ್ನು ಏಪ್ರಿಲ್ ಮಳೆ ಯಾಕೆ ಹೀಗೆ ಅಲ್ಲೊಂದು ಇಲ್ಲೊಂದು ಬೀಳುತ್ತದೆ? ಈ ಕಾಲದಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಒಂದು ಕಡಿಮೆ ಒತ್ತಡದ ಗೆರೆ ಬೀಳುತ್ತದೆ. ಬಂಗಾಳ ಕೊಲ್ಲಿಯ ತೇವದ ಗಾಳಿ ಪೂರ್ವದಿಂದ, ಅರಬ್ಬಿ ಸಮುದ್ರದ ಗಾಳಿ ಪಶ್ಚಿಮದಿಂದ ಬಂದು ಆ ಗೆರೆಯ ಹತ್ತಿರ ಸೇರುತ್ತವೆ. ಬೆಳಗ್ಗೆಯಿಂದ ಕಾದ ನೆಲ ಆ ತೇವವನ್ನು ಮೇಲಕ್ಕೆ ತಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೂಕೋಸಿನ ಹಾಗೆ ಮೋಡ ಏಳುತ್ತದೆ, ಮೂರು ಗಂಟೆ ಮೇಲೆ ಸುರಿಯುತ್ತದೆ. ಒಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಹೆಚ್ಚೆಂದರೆ ಒಂದು ಗಂಟೆ. ಮುಂಗಾರಿನ ಹಾಗೆ ಇಡೀ ಜಿಲ್ಲೆಗೆ ಹೊದಿಕೆ ಹೊದಿಸುವ ಮೋಡ ಅಲ್ಲ ಇದು. ಗೆರೆ ಎಲ್ಲಿದೆ ಅಂತ ನಾಲ್ಕು ದಿನ ಮೊದಲೇ ಹೇಳಬಹುದು. ಯಾವ ತೋಟದ ಮೇಲೆ ಮೋಡ ಒಡೆಯುತ್ತದೆ ಅಂತ ಹೇಳಲು ಆಗುವುದಿಲ್ಲ.

ಹಳದಿ ಬಣ್ಣ ಅಂದರೆ ಗಮನ ಇಟ್ಟುಕೊಂಡಿರಿ ಅಂತ. ಅದು ಗುಡುಗು, ಗಾಳಿಗೂ ಇರುತ್ತದೆ. ಹಳದಿ ಕಂಡ ತಕ್ಷಣ ಭಾರಿ ಮಳೆ ಅಂದುಕೊಳ್ಳಬೇಡಿ. ಭಾರಿ ಅನ್ನಬೇಕಾದರೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಬೇಕು. ಆ 24 ಗಂಟೆ ಎಣಿಸುವುದು ಬೆಳಗ್ಗೆ 8:30ರಿಂದ ಮರುದಿನ 8:30ರವರೆಗೆ. ನಿಮಗೆ ಬೇಕಾದ ಒಂದು ಇಂಚು "ಸಾಧಾರಣ" ಮಳೆಯಲ್ಲೇ ಸಿಗುತ್ತದೆ. ಸಿಗದೆಯೂ ಇರಬಹುದು.

---

ಹೆತ್ತೂರು ತೋಟ · 9:25

ಸರ್, ಬಹಳ ಧನ್ಯವಾದ. ಹಾಗಾದರೆ ಈ ಐದು ದಿನದಲ್ಲಿ ನಮ್ಮ ತೋಟಕ್ಕೆ ಬರುವ ಅವಕಾಶ ಎಷ್ಟು? ನನ್ನ ಮೊಬೈಲ್ ಆ್ಯಪ್ 40 ಶೇಕಡ ತೋರಿಸುತ್ತಿದೆ. ಅಂದರೆ ತಾಲ್ಲೂಕಿನ 40 ಶೇಕಡ ಜಾಗಕ್ಕೆ ಮಳೆ ಅಂತ ಅಲ್ವಾ?

---

ಮಳೆಮಾಪಕ · 9:41

ಅಲ್ಲ. ಆ್ಯಪ್ ಹೇಳುವುದು ನೀವು ನಿಂತಿರುವ ಜಾಗಕ್ಕೆ ಮಳೆ ಬರುವ ಸಾಧ್ಯತೆ. ಇಲಾಖೆಯ "ಕೆಲವು ಕಡೆ" ಹೇಳುವುದು ಎಷ್ಟು ಕೇಂದ್ರಗಳಿಗೆ ಮಳೆ ಅಂತ. ಎರಡನ್ನೂ ಬೆರೆಸಬೇಡಿ. ಮತ್ತೆ, ಎರಡೂ ಮಳೆ ಬರುತ್ತದೆಯೇ ಅಂತ ಹೇಳುತ್ತವೆ, ಒಂದು ಇಂಚು ಬರುತ್ತದೆಯೇ ಅಂತ ಹೇಳುವುದಿಲ್ಲ. ಎರಡೂವರೆ ಮಿ.ಮೀ. ಬಂದರೂ ಅದು ಮಳೆಯ ದಿನವೇ. ನಿಮ್ಮ ಗಿಡದ ಬೇರಿಗೆ ಅದು ಮುಟ್ಟುವುದೂ ಇಲ್ಲ.

---

ಬಾಳೆಹೊಳೆ ಗೌಡ · 9:50

ಈ ಮಾತಿಗೇ ನಾನು ಕಾಯುತ್ತಿದ್ದೆ. ಹತ್ತು ಸೆಂಟ್ ಬಿದ್ದು ಧೂಳು ತೊಳೆದು ಹೋಗುವ ಮಳೆ ಎಲ್ಲಕ್ಕಿಂತ ಕೆಟ್ಟದ್ದು. ಮಳೆ ಬಂತು ಅಂತ ನಾವು ಸುಮ್ಮನಾಗುತ್ತೇವೆ. ಗಿಡಕ್ಕೆ ಏನೂ ಸಿಕ್ಕಿರುವುದಿಲ್ಲ.

---

ತುರುವೇಕೆರೆ ರೈತ · 10:30

ನಮ್ಮ ಕಡೆ ಈ ಮಳೆಗೇ ಬಾಯಿ ಬಿಟ್ಟುಕೊಂಡು ಕೂತಿದ್ದೇವೆ. ಒಂದು ಹದ ಮಳೆ ಆದರೆ ಹೆಸರು, ಅಲಸಂದೆ, ಎಳ್ಳು ಬಿತ್ತಬಹುದು. ಹೆಸರು ಎರಡು ತಿಂಗಳು ಚಿಲ್ಲರೆಗೆ ಕೈಗೆ ಬರುತ್ತದೆ, ಆಮೇಲೆ ಅದೇ ಹೊಲಕ್ಕೆ ರಾಗಿ. ಈ ಮಳೆ ತಪ್ಪಿದರೆ ಹೆಸರಿನ ಕತೆ ಮುಗಿಯಿತು. ತಡವಾಗಿ ಬಿತ್ತಿದರೆ ಕಾಯಿ ಒಣಗುವ ಹೊತ್ತಿಗೆ ಮುಂಗಾರು ಹಿಡಿದುಕೊಂಡು ಕಾಯಿಯಲ್ಲೇ ಮೊಳಕೆ ಬರುತ್ತದೆ.

ಪಂಚಾಂಗದ ಪ್ರಕಾರ ಈಗ ರೇವತಿ ಮಳೆ. 13-14ಕ್ಕೆ ಅಶ್ವಿನಿ ಹುಟ್ಟುತ್ತದೆ. ನಮ್ಮ ತಾತ ಹೇಳುತ್ತಿದ್ದರು, ಭರಣಿ ಮಳೆ ಬಂದರೆ ಧರಣಿ ಬೆಳೆ ಅಂತ. ಭರಣಿ ಬರುವುದು ತಿಂಗಳ ಕೊನೆಗೆ. ಅಲ್ಲಿಯವರೆಗೆ ಹೊಲ ಉತ್ತು (ಉಕ್ಕೆ ಹೊಡೆದು) ಇಟ್ಟುಕೊಳ್ಳುತ್ತೇವೆ.

---

ಮೈಸೂರು ಮೇಷ್ಟ್ರು · 10:48

ಅಶ್ವಿನಿ ಸಸ್ಯನಾಶಿನಿ ಅಂತಲೂ ಇದೆ, ಅದನ್ನೂ ಹೇಳಿ. ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು ಬದಲಾದ ಕೂಡಲೇ ಮೋಡದ ಗುಣ ಬದಲಾಗುತ್ತದೆಯೇ? ಈಗ ಉಪಗ್ರಹ ಇದೆ, ಪಂಚಾಯಿತಿಗೊಂದು ಮಳೆಮಾಪಕ ಇದೆ. ನಕ್ಷತ್ರ ನೋಡಿ ಬಿತ್ತುವ ಕಾಲ ಹೋಯಿತು.

---

ತುರುವೇಕೆರೆ ರೈತ · 11:02

ಮೇಷ್ಟ್ರೇ, ನಕ್ಷತ್ರ ಮಳೆ ತರುತ್ತದೆ ಅಂತ ನಾನು ಹೇಳಲಿಲ್ಲ. ಮಳೆ ನಕ್ಷತ್ರ ಲೆಕ್ಕ ಹಾಕುವುದು ಸೂರ್ಯನಿಂದ. ಹಾಗಾಗಿ ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ತಾರೀಖಿಗೆ ಬರುತ್ತದೆ. ಭರಣಿ ಅಂದರೆ ಏಪ್ರಿಲ್ ಕೊನೆಯಿಂದ ಮೇ ಹತ್ತರ ಆಸುಪಾಸು. ಆ ಹೊತ್ತಿಗೆ ಹಸಿ ಸಿಕ್ಕರೆ ಬೆಳೆ ಚೆನ್ನ ಅಂತ ಅನುಭವದಿಂದ ಹೇಳಿದ್ದು. ಓದು ಬರಹ ಇಲ್ಲದ ತಾತನಿಗೆ ಅದೇ ಕ್ಯಾಲೆಂಡರ್.

---

ಮಳೆಮಾಪಕ · 11:15

ಇಬ್ಬರ ಮಾತೂ ಹೊಂದುತ್ತದೆ. ನಕ್ಷತ್ರ ಹೇಳುವುದು ಬಹಳ ವರ್ಷದ ಸರಾಸರಿ. ಈ ಗುರುವಾರ ಏನಾಗುತ್ತದೆ ಅನ್ನುವುದಕ್ಕೆ ಮುನ್ಸೂಚನೆಯೇ ಬೇಕು. ಪಂಚಾಯಿತಿ ಮಟ್ಟದ ಮಾಪಕಗಳ ಲೆಕ್ಕ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ಅವರದೇ ವರುಣ ಮಿತ್ರ ಸಹಾಯವಾಣಿ ಇದೆ, ಫೋನ್ ಮಾಡಿ ಊರಿನ ಹೆಸರು ಹೇಳಿದರೆ ತಿಳಿಸುತ್ತಾರೆ.

---

ತಿಕೋಟಾ ದ್ರಾಕ್ಷಿ · 12:20

ನೀವೆಲ್ಲ ಮಳೆ ಬರಲಿ ಅಂತ ಬೇಡಿಕೊಳ್ಳುತ್ತಿದ್ದೀರಿ. ನಾವಿಲ್ಲಿ ಐದು ದಿನ ತಡೆಯಪ್ಪಾ ಅಂತ ಕೈ ಮುಗಿಯುತ್ತಿದ್ದೇವೆ. ನಮ್ಮದು ವಿಜಯಪುರ ಜಿಲ್ಲೆ. ಕೊನೆಯ ದ್ರಾಕ್ಷಿ ಮಾಲು ಶೆಡ್‌ನಲ್ಲಿ ಒಣಗಲು ಹಾಕಿ ಒಂಬತ್ತು ದಿನ ಆಯಿತು. ಇನ್ನೂ ಐದಾರು ದಿನ ಬಿಸಿಲು, ಗಾಳಿ ಬೇಕು. ಈಗ ಮಣೂಕ (ಒಣದ್ರಾಕ್ಷಿ) ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಹಿಚುಕಿದರೆ ಒಳಗೆ ಇನ್ನೂ ಮೆತ್ತಗೆ. ಬಣ್ಣ ಹಸಿರು ಹಳದಿ, ನೋಡಿದರೆ ಕಣ್ಣು ತಣ್ಣಗಾಗುತ್ತದೆ. ಈ ಹಂತದಲ್ಲಿ ಒಂದು ಎರಚಲು ಬಡಿದರೆ ಸಾಕು, ಕಪ್ಪಾಗುತ್ತದೆ. ರೇಟು ಅಲ್ಲಿಗೆ ಹೋಯಿತು. ಮಳೆ ಬಾರದೆ ಬರೀ ಮೋಡ ಮುಚ್ಚಿಕೊಂಡರೂ ಒಣಗುವುದು ನಿಧಾನ, ಬೂಸು ಹಿಡಿಯುತ್ತದೆ.

ಶೆಡ್ ಸುತ್ತ ತಾಡಪತ್ರಿ ಇಳಿಸಿದರೆ ಒಳಗೆ ಗಾಳಿ ಆಡುವುದಿಲ್ಲ. ಇಳಿಸದಿದ್ದರೆ ಎರಚಲು. ಉತ್ತರ ಒಳನಾಡಿಗೆ "ಒಂದೆರಡು ಕಡೆ" ಅಂತ ಹಾಕಿದ್ದಾರೆ. ಮಳೆಮಾಪಕ ಸರ್ ಹೇಳಿದ ಲೆಕ್ಕ ಓದಿ ಸ್ವಲ್ಪ ಧೈರ್ಯ ಬಂತು.

---

ಪುತ್ತೂರು ಅಂಗಳ · 12:44

ಧೈರ್ಯ ಇರಲಿ, ಆದರೆ ತಾಡಪತ್ರಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ ಮಾರಾಯ್ರೇ. ನಮ್ಮಲ್ಲಿ ಅಂಗಳದ ತುಂಬ ಅಡಿಕೆ. ಚಾಲಿ (ಸಿಪ್ಪೆ ಸಮೇತ ಒಣಗಿಸಿ ಸುಲಿಯುವ ಅಡಿಕೆ) ಆಗಲು ನಲವತ್ತು ನಲವತ್ತೈದು ದಿನ ಬಿಸಿಲು ಬೇಕು. ಮೂವತ್ತನೇ ದಿನ ಒದ್ದೆಯಾದರೆ ಮೇಲೆ ಸಿಪ್ಪೆ ಒಣಗಿದ ಹಾಗೆ ಕಾಣುತ್ತದೆ, ಸುಲಿದಾಗ ಒಳಗೆ ಕಪ್ಪು. ಮಾರುಕಟ್ಟೆಯಲ್ಲಿ ಕರಿಗೋಟು ಅಂತ ಪಕ್ಕಕ್ಕೆ ತಳ್ಳುತ್ತಾರೆ.

ನಾವು ಮಾಡುವುದು ಇಷ್ಟೇ. ಎರಡು ಗಂಟೆ ಆದ ಮೇಲೆ ಯಾರಾದರೂ ಒಬ್ಬರು ಮನೆಯಲ್ಲಿ ಇರಲೇಬೇಕು. ಘಟ್ಟದ ಕಡೆ ಕಪ್ಪಾಯಿತು, ತಂಪು ಗಾಳಿ ಬೀಸಿತು ಅಂದರೆ ಹದಿನೈದು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ರಾಶಿ ಮಾಡಿ ಟರ್ಪಾಲು ಮುಚ್ಚಬೇಕು.

---

ಜಯನಗರ ಜಾಜಿ · 1:05

ತಾಡಪತ್ರಿ, ಟರ್ಪಾಲು ಎರಡೂ ಒಂದೇನಾ? ನಮ್ಮ ಮನೆಯಲ್ಲಿ ತಾಡಪಾಲು ಅಂತಿದ್ದರು.

---

ತಿಕೋಟಾ ದ್ರಾಕ್ಷಿ · 1:11

ಎಲ್ಲಾ ಒಂದೇರೀ ಅಕ್ಕಾ. ಊರಿಗೊಂದು ಹೆಸರು.

---

ಶ್ರೀನಿವಾಸಪುರ ಮಾವು · 2:30

ಕೋಲಾರದ ಕಡೆಯ ಪರಿಸ್ಥಿತಿ ನಾನು ಹೇಳುತ್ತೇನೆ. ನಮಗೆ ಮಳೆ ಬೇಕು, ಗಾಳಿ ಮತ್ತು ಆಲಿಕಲ್ಲು ಬೇಡ. ಆದರೆ ಈ ಕಾಲದಲ್ಲಿ ಮೂರೂ ಒಟ್ಟಿಗೇ ಬರುತ್ತವೆ. ಮಾವಿನ ಕಾಯಿ ಈಗ ನಿಂಬೆಹಣ್ಣಿನಿಂದ ಹಿಡಿದು ಮೊಟ್ಟೆ ಗಾತ್ರದವರೆಗೆ ಇದೆ. ಸಣ್ಣ ಮಳೆ ಬಂದರೆ ಕಾಯಿ ದಪ್ಪ ಆಗುತ್ತದೆ, ಉದುರುವುದು ನಿಲ್ಲುತ್ತದೆ. ಆಲಿಕಲ್ಲು ಬಿದ್ದರೆ ಮಾತ್ರ, ಏಟು ಬಿದ್ದ ಜಾಗದಲ್ಲಿ ಮೊದಲು ಏನೂ ಕಾಣುವುದಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಕಪ್ಪು ಚುಕ್ಕೆ, ಅಂಟು ಸೋರಿ ಒಣಗಿರುತ್ತದೆ. ಆ ಕಾಯಿ ಮಂಡಿಯಲ್ಲಿ ನಡೆಯುವುದಿಲ್ಲ, ಪಲ್ಪ್ ಫ್ಯಾಕ್ಟರಿಗೆ ಸಿಕ್ಕಷ್ಟಕ್ಕೆ ಹೋಗುತ್ತದೆ. ಮಳೆ ನಿಂತ ಮೇಲೆ ಚಿಬ್ಬು ರೋಗಕ್ಕೆ ಔಷಧಿ ಬೇರೆ ಹೊಡೆಯಬೇಕು.

ಸರ್, ಇಷ್ಟು ಸುಡು ಬೇಸಿಗೆಯಲ್ಲಿ ಕಲ್ಲು ಹೇಗೆ ಬೀಳುತ್ತದೆ? ನನ್ನ ಮಗಳು ಕೇಳಿದಳು, ನನಗೆ ಹೇಳಲು ಬರಲಿಲ್ಲ.

---

ಮಳೆಮಾಪಕ · 2:52

ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಕೆಳಗೆ ಎಷ್ಟೇ ಸೆಕೆ ಇದ್ದರೂ ಸುಮಾರು 5 ಕಿ.ಮೀ. ಮೇಲೆ ನೀರು ಹೆಪ್ಪುಗಟ್ಟುವಷ್ಟು ಚಳಿ. ಬೇಸಿಗೆಯ ಗುಡುಗು ಮೋಡ ಹತ್ತು ಹನ್ನೆರಡು ಕಿ.ಮೀ. ದಾಟಿ ಏಳುತ್ತದೆ. ಒಳಗೆ ಗಾಳಿ ಮೇಲಕ್ಕೆ ನುಗ್ಗುತ್ತಿರುತ್ತದೆ. ಹೆಪ್ಪುಗಟ್ಟಿದ ಹನಿ ಬೀಳಲು ಬಿಡದೆ ಆ ಗಾಳಿ ಎತ್ತಿ ಹಿಡಿಯುತ್ತದೆ. ಮೋಡದೊಳಗಿನ ತಣ್ಣನೆಯ ನೀರು ಅದಕ್ಕೆ ಪದರ ಪದರವಾಗಿ ಅಂಟುತ್ತದೆ. ಗಾಳಿ ಹೊರಲಾರದಷ್ಟು ಭಾರ ಆದಾಗ ಬೀಳುತ್ತದೆ. ನೆಲ ಕಾದಷ್ಟೂ ಆ ಗಾಳಿಗೆ ಬಲ ಜಾಸ್ತಿ. ಮಗಳಿಗೆ ಒಂದು ದೊಡ್ಡ ಕಲ್ಲು ಕತ್ತರಿಸಿ ತೋರಿಸಿ, ಈರುಳ್ಳಿಯ ಹಾಗೆ ಸುತ್ತು ಕಾಣುತ್ತದೆ.

---

ರಾಜಾಜಿನಗರ ಬಾಯ್ · 3:40

ಗುರುವಾರ ಚಿನ್ನಸ್ವಾಮಿಯಲ್ಲಿ ಆಟ ಇಟ್ಟರೆ ಏನಾಗುತ್ತಿತ್ತು ಅಂತ ಯೋಚಿಸುತ್ತಿದ್ದೇನೆ. 2025ರ ಏಪ್ರಿಲ್ 18ಕ್ಕೆ ಪಂಜಾಬ್ ವಿರುದ್ಧದ ಆಟ ನೋಡಲು ಹೋಗಿದ್ದೆ. ಮಳೆಯಿಂದ 14 ಓವರ್‌ಗೆ ಇಳಿಸಿದರು. ಮುಂದಿನ ತಿಂಗಳು 17ಕ್ಕೆ ಕೋಲ್ಕತ್ತಾ ಜೊತೆಗಿನದು ಒಂದು ಬಾಲ್ ಕೂಡ ಆಗಲಿಲ್ಲ.

---

ಬಾಳೆಹೊಳೆ ಗೌಡ · 3:48

ತಮ್ಮಾ, ಇಲ್ಲಿ ಬೆಳೆಯ ಮಾತು ನಡೆಯುತ್ತಿದೆ.

---

ರಾಜಾಜಿನಗರ ಬಾಯ್ · 3:55

ಗೊತ್ತು ಗೌಡ್ರೇ. ಆದರೆ ಆ ಮೈದಾನದಲ್ಲಿ ಹುಲ್ಲಿನ ಕೆಳಗಿನಿಂದ ನೀರು ಹೀರುವ ವ್ಯವಸ್ಥೆ 2017ರಿಂದ ಇದೆ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರು ಮಾಡುತ್ತಾರೆ. ನಮ್ಮ ರಸ್ತೆಯ ಅಂಡರ್‌ಪಾಸಿಗೂ ಅದರಲ್ಲಿ ಕಾಲು ಭಾಗ ಇದ್ದಿದ್ದರೆ ಅಂತ ನಿಜವಾಗಿ ಬೇಜಾರಾಗುತ್ತದೆ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನೀರು ತುಂಬಿ ಒಬ್ಬ ಹುಡುಗಿ ಜೀವ ಕಳೆದುಕೊಂಡಳು. ಅದೂ ಇಂಥದೇ ಬೇಸಿಗೆ ಮಳೆ. ಈ ವಾರ ಬೆಂಗಳೂರಿನವರು ನೀರು ನಿಂತ ಅಂಡರ್‌ಪಾಸಿಗೆ ದಯವಿಟ್ಟು ಗಾಡಿ ಇಳಿಸಬೇಡಿ. ಆಳ ಗೊತ್ತಾಗುವುದಿಲ್ಲ.

---

ಜಯನಗರ ಜಾಜಿ · 4:10

ಬಹಳ ಸರಿಯಾದ ಮಾತು. ಮರದ ಕೆಳಗೆ ಕಾರು ನಿಲ್ಲಿಸುವುದೂ ಬೇಡ. ನಮ್ಮ ಬೀದಿಯಲ್ಲಿ ಹೋದ ವರ್ಷ ಹತ್ತೇ ನಿಮಿಷದ ಗಾಳಿಗೆ ಗುಲ್ಮೊಹರ್ ಮರ ಅಡ್ಡಬಿತ್ತು. ಮಳೆ ಬಂದಿದ್ದು ಕೆಲವೇ ಹನಿ. ಬೆಂಗಳೂರಿನ ಮಳೆಯನ್ನು ನಂಬುವ ಹಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಸಿಗುವ ಮಳೆಯೇ ಬರಲಿಲ್ಲ, ಟ್ಯಾಂಕರ್ ನೀರಿಗೆ ಒದ್ದಾಡಿದೆವು. ಅದೇ ವರ್ಷ ಜೂನ್ 2ಕ್ಕೆ ಒಂದೇ ದಿನ 111 ಮಿ.ಮೀ. ಸುರಿಯಿತು.

ನಾನು ಹಲಸಿನ ಹಪ್ಪಳಕ್ಕೆ ಹಿಟ್ಟು ಬೇಯಿಸುವವಳಿದ್ದೆ. ಈ ವಾರ ಬೇಡ ಅಲ್ವಾ?

---

ಪುತ್ತೂರು ಅಂಗಳ · 4:22

ಬೆಳಗ್ಗೆ ಆರಕ್ಕೇ ಒತ್ತಿ ಹಾಕಿ ಅಕ್ಕ. ಒಂದು ಗಂಟೆಯವರೆಗೆ ಬಿಸಿಲು ಚುರುಕಾಗಿಯೇ ಇರುತ್ತದೆ, ಆಮೇಲೆ ಒಳಗೆ ತನ್ನಿ. ಎರಡನೇ ದಿನ ಮತ್ತೆ ಹಾಕಿ. ಚಾಪೆ ಮೇಲೆ ಹಾಕಿದರೆ ಸುತ್ತಿ ತರುವುದು ಸುಲಭ.

---

ಶಿರಸಿ ಅಪ್ಪೆ · 5:30

ಯಾರೂ ಸಿಡಿಲಿನ ಮಾತೇ ಎತ್ತಲಿಲ್ಲ. ಎಲ್ಲರೂ ಬೆಳೆ, ರೇಟು, ಕ್ರಿಕೆಟ್ ಅಂತಿದ್ದೀರಿ. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಸಿಡಿಲಿಗೆ ಜನ ಸಾಯುತ್ತಾರೆ. ಜಾಸ್ತಿ ಹೊಲದಲ್ಲಿ ಕೆಲಸ ಮಾಡುವವರು, ಕುರಿ ದನ ಕಾಯುವವರು. ಮಳೆ ಬಂತು ಅಂತ ಮರದ ಕೆಳಗೆ ಓಡುತ್ತಾರೆ. ಮರದ ಕೆಳಗೆ ನಿಲ್ಲುವುದೇ ದೊಡ್ಡ ಅಪಾಯ.

ಜೆಟ್ ಓಡಿಸುವವರಿಗೆ ಒಂದು ಮಾತು. ಗುಡುಗು ಕೇಳಿದ ಮೇಲೆ ಆಳುಗಳ ಕೈಯಲ್ಲಿ ಪೈಪ್ ಹಿಡಿಸಬೇಡಿ. ಅಲ್ಯೂಮಿನಿಯಂ ಪೈಪ್, ಒದ್ದೆ ನೆಲ, ಸುತ್ತ ಎತ್ತರದ ಸಿಲ್ವರ್ ಓಕ್. ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿ. ಅಷ್ಟು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡ್‌ಗಿಂತ ಕಡಿಮೆ ಆದರೆ ಎಲ್ಲ ಬಿಟ್ಟು ಮನೆ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ದಾಮಿನಿ ಅನ್ನುವ ಆ್ಯಪ್ ಇದೆ. ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ದೂರದೊಳಗೆ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತದೆ. ಮೇಸ್ತ್ರಿಯ ಮೊಬೈಲಿಗೆ ಹಾಕಿಸಿ.

---

ಮೂಡಿಗೆರೆ ಕಾಫಿ · 5:44

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಗುಡುಗಿದರೆ ಇನ್ನೂ ಬೇಗ ಪೈಪ್ ಬದಲಾಯಿಸಿ ಅಂತ ಅವಸರ ಮಾಡುತ್ತೇವೆ. ಇನ್ನು ಮೇಲೆ ಇಲ್ಲ.

---

ಹೆತ್ತೂರು ತೋಟ · ಸೋಮವಾರ, ರಾತ್ರಿ 8:15

ಎಲ್ಲ ಓದಿ ಅಪ್ಪನಿಗೂ ಓದಿ ಹೇಳಿದೆ. ಇವತ್ತು ಸಂಜೆ ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಗಾಳಿ ಬೀಸಿತು, ಕರೆಂಟ್ ಹೋಯಿತು. ಎಣಿಸಿ ಹನ್ನೊಂದು ಹನಿ.

ನಾಳೆ ಬೆಳಗ್ಗೆಯಿಂದ ಅರ್ಧ ತೋಟಕ್ಕೆ ಓಡಿಸೋಣ ಅಂದುಕೊಂಡಿದ್ದೇವೆ. ಪಶ್ಚಿಮದ ಇಳಿಜಾರಿನ ಮೂರು ಎಕರೆ ಮೊದಲು. ಅಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ, ನೆರಳೂ ಕಡಿಮೆ, ಎಲೆ ಸೋತಿರುವುದೂ ಅಲ್ಲೇ. ಕೆರೆಯ ಕಡೆಯ ಮೂರು ಎಕರೆಯಲ್ಲಿ ತಳದಲ್ಲಿ ಇನ್ನೂ ತಂಪಿದೆ. ಅದು ಶುಕ್ರವಾರದವರೆಗೆ ಕಾಯಲಿ. ಬೆಳಗ್ಗೆ ಐದಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಬಂದ್.

---

ಬಾಳೆಹೊಳೆ ಗೌಡ · 8:30

ಅರ್ಧ ಯಾಕೆ? ಪೂರ್ತಿ ಓಡಿಸಿ.

---

ಮಳೆಮಾಪಕ · 8:41

ಗೌಡ್ರೇ, ಅವರು ಮಾಡುತ್ತಿರುವುದು ಸರಿ. ಮಳೆ ಬಾರದಿದ್ದರೆ ಯಾವ ಗಿಡ ಮೊದಲು ಸಾಯುತ್ತದೆ ಅಂತ ನೋಡಿ ಅಲ್ಲಿಗೆ ನೀರು ಕೊಡುತ್ತಿದ್ದಾರೆ. ಐದು ದಿನ ಸತತವಾಗಿ "ಕೆಲವು ಕಡೆ" ಅಂತ ಇದ್ದರೆ ಒಂದು ದಿನವಾದರೂ ತಗಲುವ ಅವಕಾಶ ಚೆನ್ನಾಗಿಯೇ ಇದೆ. ಆದರೆ ಎಲ್ಲವನ್ನೂ ಅದರ ಮೇಲೆ ಇಡುವುದು ನನಗೂ ಇಷ್ಟ ಇಲ್ಲ.

---

ಮೂಡಿಗೆರೆ ಕಾಫಿ · 8:50

ಒಂದು ಅನುಮಾನ. ಜೆಟ್ ಓಡಿಸಿದ ಮೇಲೆ ಮಳೆಯೂ ಬಂದರೆ ಆ ಮೂರು ಎಕರೆಗೆ ತೊಂದರೆ ಆಗುವುದಿಲ್ಲವೇ?

---

ಬಾಳೆಹೊಳೆ ಗೌಡ · 9:02

ಈಗ ಏನೂ ಆಗುವುದಿಲ್ಲ. ಹೂ ಅರಳಿದ ದಿನ ಬಂದರೆ ತೊಂದರೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಒದ್ದೆಯಾದರೆ ಪರಾಗ ಗಾಳಿಗೆ ಹಾರುವುದಿಲ್ಲ, ಜೇನೂ ಬರುವುದಿಲ್ಲ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ, ಅದಕ್ಕೆ ಅಷ್ಟು ಚಿಂತೆ ಇಲ್ಲ. ಹದಿನಾರನೇ ದಿನಕ್ಕೆ ಕಾಯಿ ಕಚ್ಚಿ ಆಗಿದೆ. ಇಳಿಜಾರು ಬೇರೆ, ನೀರು ನಿಲ್ಲುವುದಿಲ್ಲ.

---

ತಿಕೋಟಾ ದ್ರಾಕ್ಷಿ · ಬುಧವಾರ, ಬೆಳಿಗ್ಗೆ 6:10

ರಾತ್ರಿ ಹನ್ನೊಂದೂವರೆಗೆ ಬಂತು. ಮೊದಲು ಧೂಳು ಗಾಳಿ, ಆಮೇಲೆ ಇಪ್ಪತ್ತು ನಿಮಿಷ ಮಳೆ. ಮನೆಯವರೆಲ್ಲ ಎದ್ದು ಶೆಡ್‌ಗೆ ಓಡಿದೆವು. ಗಾಳಿ ತಾಡಪತ್ರಿಯನ್ನು ಹಾಯಿಯ ಹಾಗೆ ಉಬ್ಬಿಸುತ್ತಿತ್ತು, ನಾಲ್ಕು ಜನ ಹಗ್ಗ ಹಿಡಿದು ನಿಂತೆವು. ಮೂಲೆಯ ಎರಡು ರ್ಯಾಕ್ ಒದ್ದೆಯಾಗಿದೆ, ಉಳಿದದ್ದು ಉಳಿಯಿತು. ಈಗ ಸುತ್ತ ಎಲ್ಲ ಎತ್ತಿ ಗಾಳಿ ಆಡಲು ಬಿಟ್ಟಿದ್ದೇವೆ. ಒದ್ದೆಯಾದದ್ದನ್ನು ಬೇರೆ ಇಟ್ಟಿದ್ದೇನೆ, ಒಳ್ಳೆಯದರ ಜೊತೆ ಬೆರೆಸುವುದಿಲ್ಲ.

ಎರಡು ಕಿಲೋಮೀಟರ್ ಆಚೆ ನಮ್ಮ ಮಾವನ ಶೆಡ್. ಅಲ್ಲಿ ನೆಲ ಕೂಡ ನೆನೆದಿಲ್ಲ.

---

ಪುತ್ತೂರು ಅಂಗಳ · 6:35

ಎರಡೇ ರ್ಯಾಕ್ ಅಂದರೆ ಬಚಾವ್ ಮಾರಾಯ್ರೇ.

---

ಶ್ರೀನಿವಾಸಪುರ ಮಾವು · ಗುರುವಾರ, ಸಂಜೆ 7:20

ನಮ್ಮಲ್ಲಿ ಇವತ್ತು ನಾಲ್ಕೂವರೆಗೆ ಒಳ್ಳೆಯ ಮಳೆ. ಗಾಳಿಗೆ ಒಂದಷ್ಟು ಕಾಯಿ ಉದುರಿದೆ, ಉಪ್ಪಿನಕಾಯಿಗೆ ಆಗುತ್ತದೆ. ಕಲ್ಲು ಬೀಳಲಿಲ್ಲ. ಮಗಳು ಬಟ್ಟಲು ಹಿಡಿದು ಕಲ್ಲಿಗೆ ಕಾಯುತ್ತಿದ್ದಳು, ಅವಳಿಗೆ ಮಾತ್ರ ಬೇಜಾರು.

---

ತುರುವೇಕೆರೆ ರೈತ · ಗುರುವಾರ, ರಾತ್ರಿ 8:05

ನಮಗೆ ಬರಲಿಲ್ಲ. ಮೂರು ದಿನದಿಂದ ಸುತ್ತ ಮಿಂಚುತ್ತಿದೆ. ತಿಪಟೂರು ಕಡೆ ಬಂದಿದೆ ಅಂತೆ. ಉಕ್ಕೆ ಹೊಡೆದ ಹೊಲ ಬಾಯಿ ತೆರೆದು ಮಲಗಿದೆ.

---

ಮೈಸೂರು ಮೇಷ್ಟ್ರು · 8:20

ಶುಕ್ರವಾರ ಇನ್ನೂ ಇದೆ. ಭರಣಿಯೂ ಇದೆ. ನಿಮಗೆ ಬರಲಿ ಅಂತ ಮನಸಾರೆ ಹಾರೈಸುತ್ತೇನೆ.

---

ಹೆತ್ತೂರು ತೋಟ · ಶುಕ್ರವಾರ, ಬೆಳಿಗ್ಗೆ 9:00

ನಿನ್ನೆ ಸಂಜೆ ಐದೂ ಇಪ್ಪತ್ತಕ್ಕೆ ಬಂತು. ಮುಕ್ಕಾಲು ಗಂಟೆ. ಬೆಳಗ್ಗೆ ಎಂಟೂವರೆಗೆ ಮಾಪಕ ನೋಡಿದೆವು, 70 ಸೆಂಟ್. ಹಳ್ಳದ ಆಚೆ ತೋಟದವರಿಗೆ 1 ಇಂಚು 30. ಮೇಲಿನ ಊರಿಗೆ ಬರೀ ತುಂತುರು.

ಪಶ್ಚಿಮದ ಮೂರು ಎಕರೆಗೆ ಮಂಗಳವಾರ, ಬುಧವಾರ ಜೆಟ್ ಓಡಿತ್ತು. ಎರಡೂ ದಿನ ಗುಡುಗು ಶುರುವಾಗುವ ಮೊದಲೇ ನಿಲ್ಲಿಸಿದೆವು. ಅಲ್ಲಿ ಎಲೆ ನೆಟ್ಟಗೆ ನಿಂತಿದೆ. ಕೆರೆಯ ಕಡೆಯದ್ದಕ್ಕೆ 70 ಸೆಂಟ್ ಮಾತ್ರ ಸಿಕ್ಕಿದೆ. ಬೆಳಗ್ಗೆ ಅಪ್ಪ ಗಿಡದ ಬುಡದಲ್ಲಿ ಕೈಯಿಂದ ಮಣ್ಣು ಬಗೆದು ನೋಡಿದರು. ನಾಲ್ಕು ಬೆರಳಿನ ಆಳದವರೆಗೆ ಕಪ್ಪಗೆ ಹಸಿ, ಅದರ ಕೆಳಗೆ ಇನ್ನೂ ಬೂದು ಬಣ್ಣ. ಸಾಲದು ಅಂದರು. ಅರ್ಧ ಕೆರೆ ನೀರು ಉಳಿದಿದೆ. ಇವತ್ತು ಸಂಜೆ ನೋಡಿ, ಬಾರದಿದ್ದರೆ ಶನಿವಾರ ಬೆಳಗ್ಗೆ ಆ ಮೂರು ಎಕರೆಗೂ ಅರ್ಧ ಇಂಚು ಕೊಡುತ್ತೇವೆ.

---

ಬಾಳೆಹೊಳೆ ಗೌಡ · 9:14

ಕೊಡಿ. ಮಣ್ಣು ಬಗೆದು ನೋಡಿದ ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

---

ತಿಕೋಟಾ ದ್ರಾಕ್ಷಿ · 9:30

ನಮ್ಮಲ್ಲಿ ಇವತ್ತು ಬಿಸಿಲು ಚೆನ್ನಾಗಿದೆ. ಪುತ್ತೂರಿನವರೇ, ಅಂಗಳ ಹೇಗಿದೆ?

---

ಪುತ್ತೂರು ಅಂಗಳ · 9:52

ಹರಡಿ ಈಗಷ್ಟೇ ಒಳಗೆ ಬಂದೆ. ಘಟ್ಟದ ಮೇಲೆ ಬೆಳಗ್ಗೆಯೇ ಒಂದು ಬಿಳಿ ಮೋಡ ಕಾಣುತ್ತಿದೆ. ಟರ್ಪಾಲು ಜಗಲಿಯಲ್ಲೇ ಇದೆ.